ಲೋಕಾಯುಕ್ತ ಸಂಸ್ಥೆ: ಸ್ವತಂತ್ರ ತನಿಖಾ ವ್ಯವಸ್ಥೆ ಹಾಗೂ ದೂರು ಸಲ್ಲಿಸುವ ವಿಧಾನ

ಸರ್ಕಾರದ ಭ್ರಷ್ಟಾಚಾರವನ್ನು ಸರ್ಕಾರದ ಅಧೀನದಲ್ಲಿರುವ ಅಧಿಕಾರಿಗಳೇ ತನಿಖೆ ಮಾಡಿದಲ್ಲಿ ಸಾರ್ವಜನಿಕರಲ್ಲಿ ನಂಬಿಕೆ ಮೂಡುವುದು ಕಷ್ಟ. ಈ ಕಾರಣದಿಂದಲೇ 1966ರಲ್ಲಿ ರಚಿತವಾದ ಕೇಂದ್ರ ಆಡಳಿತ ಸುಧಾರಣಾ ಆಯೋಗವು ಲೋಕಪಾಲ ಮತ್ತು ಲೋಕಾಯುಕ್ತ ಸಂಸ್ಥೆಗಳ ಸ್ಥಾಪನೆಗೆ ಶಿಫಾರಸು ಮಾಡಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ಲೋಕಾಯುಕ್ತ ಅಧಿನಿಯಮ, 1984ರ ಮೇರೆಗೆ 1986ರಲ್ಲಿ ಈ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು.

ಲೋಕಾಯುಕ್ತರನ್ನು ಮುಖ್ಯಮಂತ್ರಿಯವರ ಸಲಹೆಯ ಮೇರೆಗೆ ರಾಜ್ಯಪಾಲರು ನೇಮಿಸುತ್ತಾರೆ. ಸಲಹೆಗೆ ಮುನ್ನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ, ವಿಧಾನ ಸಭೆಯ ಅಧ್ಯಕ್ಷರು, ವಿಧಾನ ಪರಿಷತ್ತಿನ ಸಭಾಪತಿ ಮತ್ತು ಉಭಯ ಸದನಗಳ ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸತಕ್ಕದ್ದು. ಅಧಿಕಾರಾವಧಿ 5 ವರ್ಷ. ಉಭಯ ಸದನಗಳಲ್ಲಿ ವಿಶೇಷ ಬಹುಮತ ದೊರೆಯದೆ ಅವರನ್ನು ಪದಚ್ಯುತಗೊಳಿಸಲಾಗದು.

ಆದರೆ ನೇಮಕಾತಿಯೊಂದರಿಂದಲೇ ಸ್ವಾತಂತ್ರ್ಯ ಸಿದ್ಧಿಸುವುದಿಲ್ಲ. ತನಿಖೆ ನಡೆಸುವ ಪೊಲೀಸರು ಯಾರ ಅಧೀನದಲ್ಲಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಕುರಿತು 2011ರ ಜುಲೈ 27ರಂದು ವರದಿ ಸಲ್ಲಿಸಿದರು. ಅದೇ ತಿಂಗಳ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ನೀಡಿದರು. (ಅವರ ವಿರುದ್ಧ ಆ ವರದಿಯನ್ನು ಆಧರಿಸಿದ್ದ ಪ್ರಥಮ ವರ್ತಮಾನ ವರದಿಯನ್ನು ಉಚ್ಚ ನ್ಯಾಯಾಲಯವು 2012ರಲ್ಲಿ ರದ್ದುಪಡಿಸಿತು. ಲೋಕಾಯುಕ್ತ ವರದಿಯು ತೀರ್ಪಲ್ಲ.) 2016ರ ಮಾರ್ಚ್ 14ರ ಸರ್ಕಾರಿ ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವು ಮುಖ್ಯಮಂತ್ರಿಯವರಿಗೆ ಉತ್ತರದಾಯಿಯಾದ ಆ ದಳಕ್ಕೆ ಹೋಯಿತು. ಸಂಸ್ಥೆ ಉಳಿಯಿತು, ಅದರ ಕೈ ಉಳಿಯಲಿಲ್ಲ. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯವು ಸದರಿ ಆದೇಶವನ್ನು ರದ್ದುಪಡಿಸಿದ ಮೇಲೆಯೇ ಈ ಅಧಿಕಾರ ಲೋಕಾಯುಕ್ತಕ್ಕೆ ಮರಳಿತು.

ಬೆಳ್ತಂಗಡಿ ತಾಲ್ಲೂಕಿನ ಮುಂಡಾಜೆಯ ಅಡಿಕೆ ಕೃಷಿಕರೊಬ್ಬರ ಖಾತೆ ಬದಲಾವಣೆಯ ಅರ್ಜಿಗೆ ಲಂಚ ಕೇಳಲಾಗಿದೆ ಎಂದಿಟ್ಟುಕೊಳ್ಳೋಣ. ಹಣ ಕೊಡುವ ಮೊದಲೇ ಮಂಗಳೂರಿನ ಲೋಕಾಯುಕ್ತ ಪೊಲೀಸ್ ಅಧೀಕ್ಷಕರ ಕಚೇರಿಗೆ ತಿಳಿಸುವುದು ಸರಿಯಾದ ಕ್ರಮ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಮುಂಚಿತವಾಗಿ ತಿಳಿಸಿ, ಬಲೆ ಬೀಸುವ ಸಲುವಾಗಿ ಹಣ ಕೊಟ್ಟವರಿಗೆ ಇದು ಅನ್ವಯಿಸದು. ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳೊಳಗೆ ವರದಿ ಮಾಡಿದಲ್ಲಿ ಅವರಿಗೂ ರಕ್ಷಣೆಯಿದೆ. ಈ 7 ದಿನಗಳ ಅವಧಿ ಹಲವರಿಗೆ ತಿಳಿದಿರುವುದಿಲ್ಲವಾದ್ದರಿಂದ ವಿಶೇಷವಾಗಿ ಗಮನಿಸುವುದು.

ಲಂಚದ ಪ್ರಸ್ತಾಪವಿಲ್ಲದೆ ಕೆಲಸ ಮಾತ್ರ ವಿಳಂಬವಾಗಿದ್ದಲ್ಲಿ ಅದು 'ಕುಂದುಕೊರತೆ' ಎನಿಸುತ್ತದೆ. ವಿಷಯ ತಿಳಿದ 6 ತಿಂಗಳೊಳಗೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರ ಸಹಿತ ದೂರು ಸಲ್ಲಿಸಬೇಕು. ಅಧಿಕಾರ ದುರುಪಯೋಗದಂತಹ ಆಪಾದನೆಗಳಿಗೆ ಕೃತ್ಯ ನಡೆದ ದಿನದಿಂದ 5 ವರ್ಷ ಕಾಲಾವಕಾಶವಿದೆ. ಅರ್ಜಿ, ಹಿಂಬರಹ, ರಸೀದಿಗಳ ಪ್ರತಿಗಳನ್ನು ಲಗತ್ತಿಸುವುದು ಒಳಿತು; ದಾಖಲೆಯಿಲ್ಲದ ದೂರು ಬಹುಬೇಗ ಸೊರಗುತ್ತದೆ. ಉದ್ದೇಶಪೂರ್ವಕ ಸುಳ್ಳು ದೂರು ಶಿಕ್ಷಾರ್ಹ.

ವಿಚಾರಣೆಯಲ್ಲಿ ಆಪಾದನೆ ರುಜುವಾತಾದಲ್ಲಿ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ಶಿಫಾರಸು ಮಾಡುತ್ತಾರೆ. ಕೈಗೊಂಡ ಕ್ರಮವನ್ನು ಪ್ರಾಧಿಕಾರವು 3 ತಿಂಗಳೊಳಗೆ ತಿಳಿಸಬೇಕು. ಶಿಕ್ಷೆ ವಿಧಿಸುವ ಅಧಿಕಾರ ಮಾತ್ರ ಪ್ರಾಧಿಕಾರದಲ್ಲೇ ಉಳಿದಿದೆ.