ಸ್ಟಾರ್ಟ್ ಆದೊಡನೆ ನಿಲ್ಲುವ ಹಳೆಯ ಕಾರು: ದೋಷ ಹುಡುಕುವ ಬಗೆ

ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರು, ಜೀಪುಗಳನ್ನು ಕೊಯ್ಲಿನ ಹೊತ್ತಿಗೆ ಹೊರತೆಗೆದಾಗ ನಮ್ಮಲ್ಲಿ ಅನೇಕರಿಗೆ ಆಗುವ ಅನುಭವ ಒಂದೇ. ಸೆಲ್ಫ್ ಹೊಡೆದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಮರುಕ್ಷಣವೇ ನಿಂತುಹೋಗುತ್ತದೆ. ಮತ್ತೆ ಮತ್ತೆ ಪ್ರಯತ್ನಿಸಿದರೆ ಕೊನೆಗೆ ಬ್ಯಾಟರಿಯೂ ಇಳಿಯುತ್ತದೆ.

ಇಂಥ ಸಮಯದಲ್ಲಿ ಮೊದಲು ಕಾರ್ಬುರೇಟರನ್ನೇ ಸಂಶಯಪಡುವುದು ವಾಡಿಕೆ. ಹಿಂದೊಮ್ಮೆ ಅರೇಬಿಕಾ ಕೊಯ್ಲಿನಲ್ಲಿ ನಾವೂ ಹಾಗೆಯೇ ಮಾಡಿದೆವು. ಪೆಟ್ರೋಲ್ ಜೀಪಿನ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿಸಿ, ಹೊಸ ಕಿಟ್ಟನ್ನೂ ಹಾಕಿಸಿದ್ದಾಯಿತು. ದೋಷವಿದ್ದುದು ಕೀ ಸ್ವಿಚ್ಚಿನಲ್ಲಿ! ಅಷ್ಟರಲ್ಲಿ ಪಲ್ಪರಿಗೆ ಹೋಗಬೇಕಾಗಿದ್ದ ಹಣ್ಣು ಚೀಲದಲ್ಲೇ ಬಿಸಿಯೇರಿತ್ತು. ಕೊಯ್ದ ದಿನವೇ ಪಲ್ಪ್ ಆಗಬೇಕಾದ ಹಣ್ಣು ಒಂದು ರಾತ್ರಿ ಉಳಿದರೆ ಆಗುವ ನಷ್ಟವನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಸ್ಪ್ಯಾನರ್ ಹಿಡಿಯುವ ಮೊದಲು, ಇಂಜಿನ್ ಯಾವಾಗ ಮತ್ತು ಹೇಗೆ ನಿಲ್ಲುತ್ತದೆಂಬುದನ್ನು ಗಮನಿಸಬೇಕು.

ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು ಮೂರು: ಪೆಟ್ರೋಲ್, ಗಾಳಿ ಮತ್ತು ಕಿಡಿ. ಸ್ಟಾರ್ಟ್ ಆಯಿತೆಂದರೆ ಮೂರೂ ಕ್ಷಣಕಾಲ ದೊರೆತಿವೆ ಎಂದರ್ಥ. ಆಮೇಲೆ ತಪ್ಪಿದ್ದು ಯಾವುದು ಎಂಬುದೇ ಪ್ರಶ್ನೆ.

1. ಕೀ ಕೈಬಿಟ್ಟ ಕ್ಷಣವೇ ನಿಂತರೆ: ಇದು ವಿದ್ಯುತ್ತಿನ ದೋಷ. ಸೆಲ್ಫ್ ತಿರುಗುವಾಗ ಕಾಯಿಲಿಗೆ ಒಂದು ದಾರಿಯಿಂದ ವಿದ್ಯುತ್ ಬರುತ್ತದೆ. ಕೀ ಬಿಟ್ಟ ಮೇಲೆ ಇನ್ನೊಂದು ದಾರಿಯಿಂದ. ಈ ಎರಡನೆಯ ದಾರಿಯಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿರಬಹುದು. ಕೆಲವು ವಾಹನಗಳಲ್ಲಿರುವ ಬ್ಯಾಲಸ್ಟ್ ರೆಸಿಸ್ಟರ್ ಕಡಿದಿರಬಹುದು. ಕಾಯಿಲಿಗೆ ಸ್ವಿಚ್ಚಿನಿಂದ ಬರುವ ವೈರಿನ ತುದಿಗೂ ಬಾಡಿಗೂ ಒಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಸೆಲ್ಫ್ ತಿರುಗುವಾಗ ಉರಿದು, ಕೀ ಬಿಟ್ಟೊಡನೆ ಆರಿದರೆ ದೋಷ ಸಿಕ್ಕಿತು. ಬ್ಯಾಟರಿಯಿಂದ ನೇರ ವೈರ್ ಎಳೆದು ಗಾಡಿ ಓಡಿಸುವವರಿದ್ದಾರೆ. ರೆಸಿಸ್ಟರ್ ಇರುವ ವಾಹನದಲ್ಲಿ ಹೀಗೆ ಓಡಿಸಿದರೆ ಕಾಯಿಲ್ ಮತ್ತು ಪಾಯಿಂಟ್ ಸುಡುತ್ತವೆ.

2. ಕೆಲವು ಸೆಕೆಂಡು ಓಡಿ, ಸೊರಗಿ ನಿಂತರೆ: ಕಾರ್ಬುರೇಟರಿನ ತೊಟ್ಟಿಯಲ್ಲಿದ್ದ ಪೆಟ್ರೋಲ್ ಮುಗಿದಿದೆ, ಹೊಸದು ಬರುತ್ತಿಲ್ಲ. ಇಂಜಿನ್ ತಣ್ಣಗಿರುವಾಗ, ಕಾಯಿಲಿನ ಸಣ್ಣ ವೈರ್ ಕಳಚಿ, ಪೆಟ್ರೋಲ್ ಪೈಪಿನ ತುದಿಯನ್ನು ಗಾಜಿನ ಬಾಟಲಿಗಿಟ್ಟು ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಬಿಟ್ಟು ಬಿಟ್ಟು ಚಿಮ್ಮಬೇಕು. ಬಾರದಿದ್ದರೆ ಫಿಲ್ಟರ್, ಪಂಪಿನ ಡಯಾಫ್ರಮ್, ಬಿರುಕುಬಿಟ್ಟ ರಬ್ಬರ್ ಪೈಪು ಇವುಗಳನ್ನು ನೋಡಬೇಕು. ಬಾಟಲಿಯ ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕಿನಲ್ಲಿ ನೀರಿದೆ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುವುದರಿಂದ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಈ ಎಚ್ಚರ ಹೆಚ್ಚು ಅಗತ್ಯ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

3. ಆಕ್ಸಿಲರೇಟರ್ ಒತ್ತಿದರೆ ಓಡಿ, ಕಾಲು ತೆಗೆದರೆ ನಿಂತರೆ: ಕಾರ್ಬುರೇಟರಿನ ಸ್ಲೋ ಜೆಟ್ ಕಟ್ಟಿರಬಹುದು, ಇಲ್ಲವೆ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿರಬಹುದು. ಚೋಕ್ ಎಳೆದಾಗ ಓಡಿ, ಬಿಟ್ಟಾಗ ನಿಂತರೂ ಇದೇ ಸಂಶಯ. ಕಾರ್ಬುರೇಟರಿನ ಬುಡದ ನಟ್ಟುಗಳನ್ನೂ ವ್ಯಾಕ್ಯೂಮ್ ಪೈಪುಗಳನ್ನೂ ಪರೀಕ್ಷಿಸಿ. ಜೆಟ್ಟಿಗೆ ಗಾಳಿ ಊದಿ. ತಂತಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ ಕೆಡುತ್ತದೆ.

4. ಕಪ್ಪು ಹೊಗೆ ಬಂದು, ಪ್ಲಗ್ ಒದ್ದೆಯಾದರೆ: ಪೆಟ್ರೋಲ್ ಹೆಚ್ಚಾಗಿದೆ. ಚೋಕ್ ಸಿಕ್ಕಿಕೊಂಡಿದೆಯೇ, ಏರ್ ಫಿಲ್ಟರಿನಲ್ಲಿ ಇಲಿ ಗೂಡು ಮಾಡಿದೆಯೇ ನೋಡಿ.

ಡೀಸೆಲ್ ಜೀಪಿನಲ್ಲಿ ಕಿಡಿಯ ಪ್ರಶ್ನೆಯಿಲ್ಲ. ಅಲ್ಲಿ ಪೈಪಿನೊಳಗೆ ಗಾಳಿ ಸೇರುವುದೇ ಸಾಮಾನ್ಯ ಕಾರಣ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿಮಾಡಬೇಕು. ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಸೋರುವ ಜಾಗ ಹುಡುಕದೆ ವಿಧಿಯಿಲ್ಲ.

ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಹಳೆಯ ವಾಹನಗಳ ಕೈಗುಣ ಬಲ್ಲ ಮೆಕ್ಯಾನಿಕ್‌ಗಳೂ ವಿರಳವಾಗುತ್ತಿದ್ದಾರೆ. ಮೆಕ್ಯಾನಿಕ್ ಬಂದಾಗ "ಗಾಡಿ ನಿಲ್ಲುತ್ತದೆ" ಎಂದಷ್ಟೇ ಹೇಳದೆ, "ಕೀ ಬಿಟ್ಟೊಡನೆ ನಿಲ್ಲುತ್ತದೆ" ಎಂದು ಹೇಳಬಲ್ಲವರಾದರೆ ಅರ್ಧ ಕೆಲಸ ಮುಗಿದಂತೆ. ಕೊಯ್ಲು ಆರಂಭವಾಗುವ ಹದಿನೈದು ದಿನ ಮೊದಲೇ ವಾಹನವನ್ನು ಹೊರತೆಗೆದು, ಶೆಡ್ಡಿನ ಹೊರಗೆ ಓಡಿಸಿ ನೋಡುವುದು ಎಲ್ಲಕ್ಕಿಂತ ಲೇಸು.