ಶಿಷ್ಯರ ಕಾಲು ತೊಳೆದ ಗುರು

ಪಸ್ಕ ಹಬ್ಬಕ್ಕೆ ಮುಂಚೆ ಶಿಷ್ಯರೊಂದಿಗೆ ಊಟಕ್ಕೆ ಕೂತಿದ್ದ ಯೇಸು ನಡುವೆಯೇ ಎದ್ದರು. ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು ಒಬ್ಬೊಬ್ಬರ ಕಾಲನ್ನೂ ತೊಳೆದು ಅದೇ ಬಟ್ಟೆಯಿಂದ ಒರೆಸತೊಡಗಿದರು. ನಾಲ್ಕು ಸುವಾರ್ತೆಗಳ ಪೈಕಿ ಈ ಘಟನೆ ಇರುವುದು ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಮಾತ್ರ. ಉಳಿದ ಮೂರರಲ್ಲೂ ಆ ರಾತ್ರಿಯ ರೊಟ್ಟಿ, ದ್ರಾಕ್ಷಾರಸದ ಪ್ರಸಂಗವಿದೆ. ಯೋಹಾನ ಅದನ್ನು ಬಿಟ್ಟು ಈ ಬೋಗುಣಿಯ ಕಥೆ ಹೇಳುತ್ತಾನೆ.

ಚಪ್ಪಲಿ ಮೆಟ್ಟಿ ಧೂಳಿನ ದಾರಿ ತುಳಿಯುವ ನಾಡಿನಲ್ಲಿ ಬಂದವರ ಕಾಲಿಗೆ ನೀರು ಕೊಡುವುದು ಹಳೆಯ ಮರ್ಯಾದೆ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮ ಮೂವರು ಅತಿಥಿಗಳನ್ನು ಕಂಡಾಗ ಮೊದಲು ಕೊಡಲು ಮುಂದಾದದ್ದೂ ಕಾಲಿಗೆ ನೀರನ್ನೇ. ಕೈಕಾಲಿಗೆ ನೀರು ಕೊಟ್ಟು ಬರಮಾಡಿಕೊಳ್ಳುವ ಕನ್ನಡದ ಮನೆಗಳಿಗೂ ಇದು ಗೊತ್ತಿರುವ ರೂಢಿ. ಆದರೆ ನೀರು ಕೊಡುವುದು ಬೇರೆ, ಬಗ್ಗಿ ತೊಳೆಯುವುದು ಬೇರೆ. ತೊಳೆಯುವುದು ಆಳಿನ ಕೆಲಸ. ಶಿಷ್ಯನೊಬ್ಬ ಗುರುವಿನ ಪಾದ ತೊಳೆದಿದ್ದರೆ ಬರೆದಿಡುವಂಥದ್ದೇನೂ ಇರುತ್ತಿರಲಿಲ್ಲ.

ಗುರುವೇ ಕಾಲು ತೊಳೆಯುವುದನ್ನು ಶಿಷ್ಯ ಪೇತ್ರನಿಗೆ ಸಹಿಸಲಾಗಲಿಲ್ಲ. ಎಂದಿಗೂ ತೊಳೆಯಗೊಡುವುದಿಲ್ಲ ಎಂದ. ಇದನ್ನು ವಿನಯವೆಂದು ಓದುವುದುಂಟು. ಆದರೆ ಗುರು ಹೇಗಿರಬೇಕೆಂದು ಶಿಷ್ಯನೇ ತೀರ್ಮಾನಿಸುವ ಹಟವೂ ಅದರಲ್ಲಿದೆ. ತೊಳೆಯದಿದ್ದರೆ ತನ್ನೊಂದಿಗೆ ಪಾಲಿಲ್ಲ ಎಂದು ಯೇಸು ಹೇಳಿದ್ದೇ ತಡ, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆಯಿರಿ ಎಂದು ಬೇಡಿದ. ಸೇವೆ ಮಾಡುವುದಕ್ಕಿಂತ ಮುಂಚೆ ಸೇವೆ ಪಡೆಯಲು ಒಪ್ಪಬೇಕು. ಶಿಷ್ಯತ್ವದ ಈ ಮೊದಲ ಪಾಠವೇ ಬಹುಶಃ ಎಲ್ಲಕ್ಕಿಂತ ಕಷ್ಟದ್ದು.

ಮೂಲ ಗ್ರೀಕ್‌ನಲ್ಲಿ ಒಂದು ಸೂಕ್ಷ್ಮವಿದೆ. ಉಡುಪು ತೆಗೆದಿಟ್ಟರು ಎನ್ನುವಲ್ಲಿ ಬರುವ ಕ್ರಿಯಾಪದವೇ, 10ನೇ ಅಧ್ಯಾಯದಲ್ಲಿ ಒಳ್ಳೆಯ ಕುರುಬ ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ ಎನ್ನುವಲ್ಲೂ ಬಂದಿದೆ. ಕಾಲು ತೊಳೆದ ಮೇಲೆ ಉಡುಪನ್ನು ಮತ್ತೆ ತೆಗೆದುಕೊಂಡದ್ದಕ್ಕೂ, ಪ್ರಾಣವನ್ನು ಮತ್ತೆ ತೆಗೆದುಕೊಳ್ಳುವುದಕ್ಕೂ ಪದ ಒಂದೇ. ಮರುದಿನದ ಶಿಲುಬೆಯ ನೆರಳು ಬೋಗುಣಿಯ ನೀರಿನಲ್ಲೇ ಬಿದ್ದಿದೆ.

ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಕಾಲು ತೊಳೆಯುವಾಗ ಅಲ್ಲೇ ಇದ್ದ. ಅವನು ಎದ್ದು ಕತ್ತಲೆಗೆ ಹೋದದ್ದು ಆಮೇಲೆ. ಅವನ ಮನಸ್ಸು ಯೇಸುವಿಗೆ ಗೊತ್ತಿತ್ತು ಎಂದು ಸುವಾರ್ತೆ ಸ್ಪಷ್ಟವಾಗಿ ಹೇಳುತ್ತದೆ. ಅವನ ಕಾಲನ್ನು ಬಿಟ್ಟರೆಂದು ಎಲ್ಲೂ ಹೇಳುವುದಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆ ಬಂದದ್ದು ಅವನು ಹೊರಟ ಬೆನ್ನಿಗೇ. ಪ್ರೀತಿಯ ಅಳತೆಯನ್ನು ಯೇಸು ಅಷ್ಟರಲ್ಲಾಗಲೇ ಮಾಡಿ ತೋರಿಸಿದ್ದರು.

ಈ ನೆನಪಿಗೆ ಪವಿತ್ರ ಗುರುವಾರದ ಸಂಜೆ ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ಪಾದ ತೊಳೆಯುವ ವಿಧಿ ನಡೆಯುತ್ತದೆ. ಸಾಮಾನ್ಯವಾಗಿ 12 ಮಂದಿ ಚಪ್ಪಲಿ ಬಿಟ್ಟು ಸಾಲಾಗಿ ಕೂರುತ್ತಾರೆ. ಚರ್ಚಿನ ಧರ್ಮಗುರುಗಳು ಮಂಡಿಯೂರಿ ನೀರು ಹಾಕಿ ಒರೆಸುತ್ತಾರೆ. ವಿಧಿಯ ನಿಯಮದಲ್ಲಿ ಬಹುಕಾಲ ಗಂಡಸರಿಗಷ್ಟೇ ಅಲ್ಲಿ ಜಾಗವಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಕಾರಾಗೃಹಕ್ಕೆ ಹೋಗಿ ಇಬ್ಬರು ಯುವತಿಯರೂ ಸೇರಿದಂತೆ 12 ಮಂದಿಯ ಕಾಲು ತೊಳೆದರು. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಈಗ ಆ ಸಾಲಿನಲ್ಲಿ ಹೆಂಗಸರೂ ಕೂರಬಹುದು.