ಮೊದಲ ಬಂದೂಕು ಮತ್ತು ಸಂವೇಗದ ಲೆಕ್ಕ

ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಫೋನ್ ಮಾಡಿ ಕೇಳಿದ: “ಸಾರ್, ಮನೆಯ ರಕ್ಷಣೆಗೆ ಒಂದು ಬಂದೂಕು ಕೊಳ್ಳಬೇಕೆಂದಿದ್ದೇನೆ. ಹೆಂಡತಿಗೂ ಸುಲಭವಾಗಲಿ ಎಂದು ತೀರ ಹಗುರವಾದ ಪಿಸ್ತೂಲು ನೋಡಿದ್ದೇನೆ. ಸರಿಯಾ?”

ಅಲ್ಲಿ ಇದು ಸಾಮಾನ್ಯ ಪ್ರಶ್ನೆ. ಸ್ವರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿದೆ. ನಾನು ಕೋವಿ ಹಿಡಿದವನಲ್ಲ. ಆದರೆ ಅವನ ಪ್ರಶ್ನೆಗೆ ಅರ್ಧ ಉತ್ತರ ಅವನೇ ಓದಿದ ಸಂವೇಗ ಸಂರಕ್ಷಣೆಯ ಪಾಠದಲ್ಲಿತ್ತು.

ನೀವೂ ಲೆಕ್ಕ ಹಾಕಿ ನೋಡಿ. 9 ಮಿ.ಮೀ. ಪಿಸ್ತೂಲಿನ ಗುಂಡಿನ ರಾಶಿ ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಸಂವೇಗ 2.6 ಕಿ.ಗ್ರಾಂ. ಮೀಟರ್/ಸೆಕೆಂಡ್. ಇಷ್ಟೇ ಸಂವೇಗ ಪಿಸ್ತೂಲಿಗೆ ಹಿಮ್ಮುಖವಾಗಿ ಬರಬೇಕು. ಪಿಸ್ತೂಲು 0.9 ಕಿ.ಗ್ರಾಂ. ಇದ್ದರೆ ಅದು ಸೆಕೆಂಡಿಗೆ 2.9 ಮೀಟರ್ ವೇಗದಲ್ಲಿ ಕೈಯನ್ನು ಒದೆಯುತ್ತದೆ. ಚಲನಶಕ್ತಿ ಸುಮಾರು 4 ಜೂಲ್. ಅದೇ ಗುಂಡನ್ನು 0.45 ಕಿ.ಗ್ರಾಂ. ಪಿಸ್ತೂಲಿನಿಂದ ಹಾರಿಸಿದರೆ ಒದೆತದ ವೇಗವೂ ಶಕ್ತಿಯೂ ಇಮ್ಮಡಿ. (ಮದ್ದಿನ ಅನಿಲದ ಸಂವೇಗ ಬಿಟ್ಟಿದ್ದೇನೆ, ಸೇರಿಸಿದರೆ ಒದೆತ ಇನ್ನಷ್ಟು ಹೆಚ್ಚು.) ಅಂದರೆ ಅಂಗಡಿಯಲ್ಲಿ ಹಿಡಿಯಲು ಹಿತವಾದ ಹಗುರ ಪಿಸ್ತೂಲೇ ಹಾರಿಸುವಾಗ ಹೆಚ್ಚು ಕುಪ್ಪಳಿಸುತ್ತದೆ, ಗುರಿ ತಪ್ಪಿಸುತ್ತದೆ.

12 ಬೋರಿನ ತೋಟಾ ಕೋವಿಯಲ್ಲಿ ಸುಮಾರು 32 ಗ್ರಾಂ ಸೀಸ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಕೋವಿ 3.2 ಕಿ.ಗ್ರಾಂ. ಇದ್ದರೂ ಒದೆತ 25 ಜೂಲ್ ದಾಟುತ್ತದೆ. ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿದರೆ ಮೈಯ ರಾಶಿಯೂ ಕೋವಿಯ ಜತೆ ಸೇರುತ್ತದೆ, ಪೆಟ್ಟು ತಗ್ಗುತ್ತದೆ. ಅಂದ ಹಾಗೆ, ಒಂದು ಪೌಂಡ್ ಸೀಸದಿಂದ 12 ಸಮಗಾತ್ರದ ಗುಂಡು ಮಾಡಿದರೆ ಒಂದೊಂದರ ವ್ಯಾಸ ಎಷ್ಟೋ ಅಷ್ಟು (ಸುಮಾರು 18.5 ಮಿ.ಮೀ.) ಅಗಲದ ನಳಿಗೆಯೇ 12 ಬೋರು. ಆದ್ದರಿಂದ 20 ಬೋರು ಇದಕ್ಕಿಂತ ಚಿಕ್ಕದು.

ಸಿನಿಮಾದಲ್ಲಿ ಗುಂಡು ತಗುಲಿದವನು ಹಿಂದಕ್ಕೆ ಹಾರಿ ಬೀಳುತ್ತಾನಲ್ಲ? 2.6 ಅನ್ನು 70 ಕಿ.ಗ್ರಾಂ.ನಿಂದ ಭಾಗಿಸಿ. ಸೆಕೆಂಡಿಗೆ 4 ಸೆಂ.ಮೀ. ಕೂಡ ಇಲ್ಲ. ತರಗತಿಯಲ್ಲಿ ಈ ಲೆಕ್ಕ ಕೊಟ್ಟು ನೋಡಿ, ಹುಡುಗರು ಮರೆಯುವುದಿಲ್ಲ. ಗಾಯ ಮಾಡುವುದು ತಳ್ಳುವಿಕೆಯಲ್ಲ, ಅಂಗಾಂಶದೊಳಗೆ ಸುರಿದುಹೋಗುವ 460 ಜೂಲ್ ಶಕ್ತಿ.

ಆ ಶಕ್ತಿ ಗುರಿ ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ನಮ್ಮ ಇಟ್ಟಿಗೆ ಗೋಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಬೇಡಿ. ಅಲ್ಲಿಯ ಬಹುಪಾಲು ಮನೆಗಳ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡು ಬದಿಗೆ ಸುಮಾರು 13 ಮಿ.ಮೀ. ದಪ್ಪದ ಜಿಪ್ಸಮ್ ಹಲಗೆ. ನಡುವೆ ಸಾಮಾನ್ಯವಾಗಿ ಬರೀ ಗಾಳಿ. ಪಿಸ್ತೂಲಿನ ಗುಂಡು ಇಂಥ ಹಲವು ಗೋಡೆಗಳನ್ನು ತೂರಿ ಹೋಗುತ್ತದೆ. ತೀರ ಹಗುರ, ತೀರ ವೇಗದ ಕೆಲವು ರೈಫಲ್ ಗುಂಡುಗಳು ಮೊದಲ ಹಲಗೆಗಳಲ್ಲೇ ಹೊರಳಾಡಿ ಒಡೆಯುವುದುಂಟು; ಚಲನಶಕ್ತಿ ಹೆಚ್ಚಿದ್ದೂ ತೂರುವಿಕೆ ಕಡಿಮೆ ಆಗಬಹುದು ಎಂಬುದು ಭೌತವಿಜ್ಞಾನದವರಿಗೆ ಸ್ವಾರಸ್ಯ. ಆದರೆ ಮನುಷ್ಯನನ್ನು ತಡೆಯಬಲ್ಲ ಯಾವ ಗುಂಡನ್ನೂ ಆ ಗೋಡೆ ತಡೆಯುತ್ತದೆಂದು ನಂಬುವಂತಿಲ್ಲ.

ಸದ್ದಿನ ಲೆಕ್ಕವೂ ಇದೆ. ಪಿಸ್ತೂಲಿನ ಸದ್ದು 150 ಡೆಸಿಬೆಲ್ ಮೀರುತ್ತದೆ. 140 ದಾಟಿದರೆ ಒಂದೇ ಸದ್ದಿಗೆ ಕಿವಿಗೆ ಶಾಶ್ವತ ಹಾನಿ ಆಗಬಹುದು.

ಇನ್ನೊಂದು ಅಂಶವನ್ನು ಅವನಿಗೆ ಹೇಳದಿರಲು ಆಗಲಿಲ್ಲ. 1993ರಲ್ಲಿ ಕೆಲ್ಲರ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿರುವ ಮನೆಯಲ್ಲಿ ಕೊಲೆಯ ಸಂಭವ ಸುಮಾರು 2.7 ಪಟ್ಟು ಕಂಡುಬಂತು. ಕೊಂದವರು ಹೆಚ್ಚಾಗಿ ಮನೆಯವರು ಅಥವಾ ಪರಿಚಿತರು. ಸಹಸಂಬಂಧವೇ ಕಾರಣವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಚರ್ಚೆ ಮುಗಿದಿಲ್ಲ. ಆದರೆ ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ ಎಂಬುದರಲ್ಲಿ ವಿವಾದವಿಲ್ಲ. ಹೀಗಾಗಿ ಯಾವ ಬಂದೂಕು ಎನ್ನುವ ಮುನ್ನ ಅದಕ್ಕೆ ಬೀಗವಿರುವ ಉಕ್ಕಿನ ಪೆಟ್ಟಿಗೆ ಎಲ್ಲಿಡುತ್ತೀಯೆ ಎಂದು ಕೇಳಿದೆ. ಮನೆಯ ನಕ್ಷೆ ಬರೆದು, ಮುಂಬಾಗಿಲಿನ ಕಡೆಗೆ ನೀನು ನಿಲ್ಲಬಹುದಾದ ಜಾಗಗಳಿಂದ ನೇರ ಗೆರೆ ಎಳೆದು ನೋಡು ಎಂದೆ.

ನಕ್ಷೆ ಕಳಿಸಿದ್ದಾನೆ. ಆರು ಗೆರೆಗಳಲ್ಲಿ ಎರಡು ಮಗಳ ಕೋಣೆಯನ್ನು ಹಾದುಹೋಗುತ್ತವೆ. ಪಿಸ್ತೂಲು ಇನ್ನೂ ಕೊಂಡಿಲ್ಲ. ಮಂಚವನ್ನು ಯಾವ ಗೋಡೆಗೆ ಸರಿಸಬಹುದೆಂದು ಅಳೆಯುತ್ತಿದ್ದಾನೆ.